ಸಂಪಾದಕರ ಉತ್ತರ: ಗುಂಪಿನಲ್ಲಿ ಕೂತ ಮಕ್ಕಳಿಗೆ ಮಾತು ಎಲ್ಲಿಂದ ಬರಬೇಕು?

ಹೊಳಲ್ಕೆರೆ ತಾಲ್ಲೂಕಿನ ಕನ್ನಡ ಶಿಕ್ಷಕಿಯೊಬ್ಬರ ಪತ್ರದ ಸಾರ ಇದು: ಒಂಬತ್ತನೇ ತರಗತಿಯ 42 ಮಕ್ಕಳನ್ನು ಏಳೇಳು ಜನರ ಗುಂಪು ಮಾಡಿ, ದುರ್ಗದ ಪಾಳೆಯಗಾರರ ಕಾಲದ ಕಥೆಯೊಂದನ್ನು ಓದಿಕೊಂಡು ಬರಲು ಹೇಳಿ ಚರ್ಚೆಗೆ ಕೂರಿಸಿದರು. ಪ್ರತಿ ಗುಂಪಿನಲ್ಲೂ ಒಬ್ಬರು ಕಥೆ ಒಪ್ಪಿಸಿದರು, ಮಿಕ್ಕವರು ತಲೆಯಾಡಿಸಿದರು, ಹತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಮಕ್ಕಳನ್ನು ತಯಾರು ಮಾಡುವುದು ಹೇಗೆ ಎಂದು ಕೇಳಿದ್ದಾರೆ.

ಮೇಡಂ, ಎಲ್ಲರಿಗೂ ಗೊತ್ತಿರುವ ಕಥೆಯನ್ನು ಒಬ್ಬರು ಹೇಳಿ ಮುಗಿಸಿದರೆ ಉಳಿದವರಿಗೆ ಹೇಳಲು ಏನಿದೆ? ಪ್ರತಿ ಮಗುವೂ ತನ್ನದೇ ಆದ ಒಂದನ್ನು ಬರೆದುಕೊಂಡು ಬರಬೇಕು. ನೋಟ್‌ಬುಕ್ಕಿನ ಕಾಲು ಹಾಳೆಯ ಚೀಟಿ ಸಾಕು. ಅದರಲ್ಲಿ ಮೂರು ಸಂಗತಿ ಇರಲಿ: ಓದುತ್ತ ಓದುತ್ತ ಎಲ್ಲಿ ನಿಂತೆ (ಪುಟದ ಸಂಖ್ಯೆ ಕಡ್ಡಾಯ), ಯಾಕೆ ನಿಂತೆ, ಮತ್ತು ತನಗೇ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ.

ಕಷ್ಟವೆಲ್ಲ ಆ ಪ್ರಶ್ನೆಯಲ್ಲಿದೆ. ಪಾಠದ ಕೊನೆಯ ಪ್ರಶ್ನೋತ್ತರಕ್ಕೆ ಒಗ್ಗಿದ ಮಕ್ಕಳು ‘ಕಾವಲುಗಾರ ಎಲ್ಲಿಗೆ ಹೋಗಿದ್ದ?’ ಎಂದೇ ಬರೆಯುತ್ತಾರೆ. ಇದಕ್ಕೊಂದು ಇಡೀ ಪೀರಿಯಡ್ ಕೊಡಿ. ಎಲ್ಲರೂ ಓದಿರುವ ಕಥೆಯ ಮೇಲೆ ಮಕ್ಕಳಿಂದಲೇ ಹತ್ತು ಪ್ರಶ್ನೆ ಕೇಳಿ ಬೋರ್ಡಿನ ಮೇಲೆ ಬರೆಯಿರಿ. ಬೆರಳಿಟ್ಟು ತೋರಿಸುವಂಥ ಉತ್ತರವಿದ್ದರೆ ಆ ಪ್ರಶ್ನೆಯನ್ನು ಒರೆಸಿಬಿಡಿ. ನಾಲ್ಕಾರು ಕಡೆಯ ಮಾತು ಕೂಡಿಸಿದರೆ ಉತ್ತರ ಸಿಗುವಂಥದ್ದು ಇರಲಿ. ಇಬ್ಬರು ಓದಿ ಎರಡು ಉತ್ತರ ಹೇಳಬಹುದಾದ ಪ್ರಶ್ನೆಗೆ ಗೆರೆ ಎಳೆಯಿರಿ. ಗುಂಪಿಗೆ ಬೇಕಾದದ್ದು ಅದು. ಮೊದಲ ಸಲ ಒಂದೆರಡು ಉಳಿದರೂ ಸಾಕು.

ನೀವು ಆರಿಸಿದ ಕಥೆಯಲ್ಲಿ ಇನ್ನೊಂದು ತೊಡಕಿದೆ. ಓಬವ್ವನ ಕಿಂಡಿ, ಮದಕರಿ ನಾಯಕ, 1779ರಲ್ಲಿ ಕೋಟೆ ಹೈದರಾಲಿಯ ವಶವಾದದ್ದು ಇವೆಲ್ಲ ನಮ್ಮ ಜಿಲ್ಲೆಯ ಮಕ್ಕಳಿಗೆ ಮನೆಯಲ್ಲೇ ಕೇಳಿ ಗೊತ್ತು. ಹಾಗಾಗಿ ಪುಸ್ತಕ ತೆರೆಯದ ಮಗುವೂ ಧಾರಾಳವಾಗಿ ಮಾತಾಡಬಲ್ಲದು. ಯಾರು ಏನೇ ಹೇಳಲಿ, ಪಕ್ಕದವರು ‘ಇದು ಪುಟದಲ್ಲಿದೆಯಾ, ಕೇಳಿದ್ದಾ?’ ಎಂದು ಕೇಳುವ ರೂಢಿ ಹಾಕಿ. ಕೇಳಿದ್ದಾದರೆ ಅದೂ ಬೆಲೆಯುಳ್ಳದ್ದೇ. ಅಜ್ಜಿ ಹೇಳಿದ್ದಕ್ಕೂ ಲೇಖಕರು ಬರೆದಿದ್ದಕ್ಕೂ ಎಲ್ಲಿ ವ್ಯತ್ಯಾಸ, ಲೇಖಕರು ಏನನ್ನು ಬಿಟ್ಟರು, ಏನನ್ನು ಸೇರಿಸಿದರು ಎಂದು ಹುಡುಕಲು ಹೊರಟರೆ ಇಡೀ ಪೀರಿಯಡ್ ಸಾಲದು. ಇಂಥ ಚರ್ಚೆ ದುರ್ಗದ ಮಕ್ಕಳಿಗೆ ದಕ್ಕುವಷ್ಟು ಸುಲಭವಾಗಿ ಬೇರೆಯವರಿಗೆ ದಕ್ಕದು. ದಯವಿಟ್ಟು ಕೈಬಿಡಬೇಡಿ.

ಏಳು ಜನ ಹೆಚ್ಚಾಯಿತು. ನಾಲ್ಕೋ ಐದೋ ಇರಲಿ. ಆಗ ಒಂಬತ್ತು ಗುಂಪಾಗುತ್ತದೆ, ಒಂದೇ ಕೋಣೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಅರ್ಧ ತರಗತಿ ಚರ್ಚಿಸುವಾಗ ಇನ್ನರ್ಧ ವರಾಂಡದಲ್ಲಿ ಮುಂದಿನ ಭಾಗ ಓದಲಿ, ಮರುದಿನ ಅದಲು ಬದಲು. ಪ್ರತಿಗಳು ಕಡಿಮೆಯಿದ್ದರೂ ಈ ಕ್ರಮವೇ ಅನುಕೂಲ. ಒಂದು ಸಲಕ್ಕೆ ಎಂಟು ಹತ್ತು ಪುಟಕ್ಕಿಂತ ಹೆಚ್ಚು ಕೊಡಬೇಡಿ. 40 ನಿಮಿಷದ ಪೀರಿಯಡ್‌ನಲ್ಲಿ ಮೊದಲ ಐದು ನಿಮಿಷ ಚೀಟಿ ಮತ್ತು ಪುಟ ನೋಡಿಕೊಳ್ಳಲು, 20–25 ನಿಮಿಷ ಮಾತಿಗೆ, ಉಳಿದದ್ದು ಬರವಣಿಗೆಗೆ.

ಒಬ್ಬರಿಗೆ ಪ್ರಶ್ನೆ ಕೇಳುವ ಕೆಲಸ, ಒಬ್ಬರಿಗೆ ಕಠಿಣ ಪದ ಹುಡುಕುವ ಕೆಲಸ ಎಂದು ಹಂಚುವ ಪದ್ಧತಿ ಆರಂಭದ ಎರಡು ಮೂರು ಸಲಕ್ಕೆ ಒಳ್ಳೆಯದು. ಆಮೇಲೂ ಮುಂದುವರಿಸಿದರೆ ಮಕ್ಕಳು ಸರದಿಯಂತೆ ಬರೆದದ್ದನ್ನು ಓದಿ ಸುಮ್ಮನಾಗುತ್ತಾರೆ.

ಓದದೆ ಬಂದವರನ್ನು ನಿಲ್ಲಿಸಿ ಬೈಯಬೇಡಿ. ಪಕ್ಕದಲ್ಲಿ ಕೂತು ಮೊದಲ ಹದಿನೈದು ನಿಮಿಷ ಓದಲಿ, ಚೀಟಿ ಬರೆದು ಗುಂಪಿಗೆ ಸೇರಲಿ. ಆಡುಭಾಷೆಯಲ್ಲಿ ಮಾತಾಡಿದರೆ ತಿದ್ದಲೂ ಹೋಗಬೇಡಿ, ಗ್ರಂಥಭಾಷೆ ಹುಡುಕುವಷ್ಟರಲ್ಲಿ ಹೇಳಬೇಕಾದ್ದೇ ಮರೆತುಹೋಗುತ್ತದೆ. ನೀವು ಗುಂಪಿನೊಳಗೆ ಕೂರದೆ ಹಿಂದೆ ನಿಂತು ಕೇಳಿ. ಕೂತರೆ ಎಲ್ಲರೂ ನಿಮ್ಮ ಮುಖ ನೋಡಿಯೇ ಉತ್ತರಿಸುತ್ತಾರೆ. ಮಾತು ನಿಂತಾಗ ‘ಯಾವ ಪುಟ?’ ಎಂದಷ್ಟೇ ಕೇಳಿ ಮುಂದಿನ ಗುಂಪಿಗೆ ಹೋಗಿ.

ಕೊನೆಗೆ ಅದೇ ಚೀಟಿಯ ಹಿಂಬದಿಯಲ್ಲಿ, ಗುಂಪಿನಲ್ಲಿ ಯಾರ ಮಾತು ಕೇಳಿ ತಮ್ಮ ಅಭಿಪ್ರಾಯ ಬದಲಾಯಿತು ಎಂದು ಎರಡು ಸಾಲು ಬರೆಯಲಿ. ಬದಲಾಗದಿದ್ದರೆ ಯಾಕೆ ಎಂದು ಬರೆಯಲಿ. ಅಂಕ ಕೊಡಲೇಬೇಕಿದ್ದರೆ ಇದಕ್ಕೆ ಕೊಡಿ. ಎಷ್ಟು ಸಲ ಬಾಯಿ ತೆರೆದರು ಎಂದು ಎಣಿಸಿದರೆ ಮೆತ್ತಗಿನ ಮಕ್ಕಳಿಗೆ ಅನ್ಯಾಯವಾಗುತ್ತದೆ.