ವಿಕಾಸವನ್ನು ಕಣ್ಣಾರೆ ಕಂಡವರುಂಟೆ?

ಜೀವಿಗಳೆಲ್ಲ ಈಗಿರುವ ಹಾಗೆಯೇ ಸೃಷ್ಟಿಯಾದವು, ವಿಕಾಸವನ್ನು ಯಾರೂ ಕಂಡಿಲ್ಲ ಎಂಬ ವಾದಕ್ಕೆ ಉತ್ತರ ಕೇಳಿದ್ದೀರಿ. ವಿಜಯಪುರದ ಕಡೆಯವರಾದರೆ ಬಿ.ಟಿ. ಹತ್ತಿಯ, ಅಂದರೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿ ಹುಳ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಮಾಡಿದ ಹತ್ತಿಯ, ಹಸಿ ಕಾಯಿ ಬಿಡಿಸಿ ನೋಡಿ. ಒಳಗೆ ಬೀಜ ತಿನ್ನುವ ಗುಲಾಬಿ ಕಾಯಿಕೊರಕ ಸಿಕ್ಕರೆ ಅದೇ ಸಾಕ್ಷಿ.

2002ರಲ್ಲಿ ಬಿ.ಟಿ. ಹತ್ತಿ ಬಂದಾಗ ಈ ಹುಳ ಸಾಯುತ್ತಿತ್ತು. ವಿಷವು ಹುಳದ ಕರುಳಿನ ಕ್ಯಾಡ್‌ಹೆರಿನ್ ಪ್ರೋಟೀನಿಗೆ ಅಂಟಿ, ಕರುಳನ್ನೇ ತೂತು ಮಾಡುತ್ತದೆ. ಆ ಪ್ರೋಟೀನಿನ ಜೀನ್ ಆಕಸ್ಮಿಕವಾಗಿ ಬದಲಾಗಿದ್ದ ಹುಳಗಳಿಗೆ ವಿಷ ಅಂಟಲಿಲ್ಲ. ಮಿಕ್ಕ ಹುಳಗಳು ಸತ್ತವು, ಇವುಗಳ ಸಂತತಿ ಬೆಳೆಯಿತು. ಹೊಲದ ಸುತ್ತ ಐದು ಸಾಲು ಅಥವಾ ಶೇ. 20 ಜಾಗ, ಯಾವುದು ಹೆಚ್ಚೋ ಅಷ್ಟು, ಸಾದಾ ಹತ್ತಿ ಬಿತ್ತಿರೆಂದು ಹೇಳಿದ್ದು ಇದನ್ನು ತಡೆಯಲೆಂದೇ: ಅಲ್ಲಿ ಬದುಕಿದ ಪತಂಗಗಳು ನಿರೋಧಕ ಪತಂಗಗಳ ಜತೆ ಕೂಡಿದರೆ ಮರಿಗಳು ಮತ್ತೆ ವಿಷಕ್ಕೆ ಸಾಯುತ್ತವೆ. ಬಹಳ ಮಂದಿ ಬಿತ್ತಲಿಲ್ಲ. ಎರಡು ಬಿ.ಟಿ. ಜೀನಿನ ತಳಿಯನ್ನೂ ಹುಳ ಗೆದ್ದಿತು.

'ಆದರೂ ಅದು ಹುಳವೇ ತಾನೆ?' ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಒಂದು ಬಗೆಯ ಜೀವಿಯಿಂದ ಇನ್ನೊಂದು ಬಂದದ್ದಕ್ಕೆ ಗುರುತು ಬೇಕಾದರೆ ನಮ್ಮ ವರ್ಣತಂತು (ಜೀನ್‌ಗಳನ್ನು ಹೊತ್ತ ಎಳೆ, ಕ್ರೋಮೋಸೋಮ್) ನೋಡೋಣ: ಚಿಂಪಾಂಜಿಗೆ 48, ನಮಗೆ 46. ನಮ್ಮ 2ನೇ ವರ್ಣತಂತುವಿನ ಒಳಭಾಗದಲ್ಲಿ, ಸಾಮಾನ್ಯವಾಗಿ ತುದಿಯಲ್ಲಿರುವ ಟಿಲೋಮಿಯರ್ ಸರಣಿಗಳು ಎದುರುಬದುರಾಗಿ ಕೂಡಿಕೊಂಡಿವೆ. ಪೂರ್ವಜರ ಎರಡು ವರ್ಣತಂತುಗಳು ಒಂದಾದ ಬೆಸುಗೆಯ ಗುರುತು ಅದು.