ಗಡಿ ದಾಟಿದರೆ ಬಂದೂಕಿನ ಕಾನೂನೇ ಬೇರೆ

ಪ್ರಶ್ನೆ: ಅಮೆರಿಕ, ಕೆನಡಾ, ಮೆಕ್ಸಿಕೊ ಅಕ್ಕಪಕ್ಕದ ದೇಶಗಳು. ಬಂದೂಕು ಕೊಳ್ಳುವ ನಿಯಮ ಮಾತ್ರ ಅಜಗಜಾಂತರ ಅನ್ನುತ್ತಾರೆ. ನಿಜವೇ?

ಉತ್ತರ: ನಿಜ. ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನಲ್ಲಿ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸೇ ಬೇಡ. ಇಲಿನಾಯ್‌ನಂಥ ಕೆಲವು ರಾಜ್ಯಗಳು ಮಾತ್ರ ಕೇಳುತ್ತವೆ. ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಬೇಕು. ಆಗ ಕೊಳ್ಳುವವರ ಹೆಸರನ್ನು ಫೆಡರಲ್ ತನಿಖಾ ಸಂಸ್ಥೆ ಎಫ್‌ಬಿಐನ ದಾಖಲೆಯಲ್ಲಿ ಹುಡುಕುತ್ತಾರೆ. ಬಹಳಷ್ಟು ಸಲ ಕೆಲವೇ ನಿಮಿಷದ ಕೆಲಸ. ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಅಂಗಡಿಯವರು ಬಂದೂಕು ಕೊಟ್ಟುಬಿಡಬಹುದು. 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನ ಕೈಗೆ ಪಿಸ್ತೂಲು ಸಿಕ್ಕಿದ್ದು ಈ ಸಂದಿಯಿಂದಲೇ. ಇಷ್ಟು ದೊಡ್ಡ ಸಂದಿಯನ್ನು ಹಾಗೇ ಬಿಟ್ಟಿರುವುದು ತಪ್ಪು ಎಂಬುದು ನಮ್ಮ ಅಭಿಪ್ರಾಯ. (ಈಗ 21 ವರ್ಷದೊಳಗಿನವರ ಮಟ್ಟಿಗೆ ಈ ಅವಧಿಯನ್ನು ಹತ್ತು ಕೆಲಸದ ದಿನದವರೆಗೆ ಹಿಗ್ಗಿಸಬಹುದು.)

ಕೆನಡಾದಲ್ಲಿ ಪರೀಕ್ಷೆಗೆ ಒಳಗಾಗುವುದು ಮನುಷ್ಯ. ಮೊದಲು ಸುರಕ್ಷತಾ ತರಬೇತಿ, ಆಮೇಲೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ, ಎರಡರಲ್ಲೂ ಶೇ. 80 ಅಂಕ ಬರಬೇಕು. ಅರ್ಜಿಯಲ್ಲಿ ಪರಿಚಿತರಿಬ್ಬರ ಹೆಸರು ಕೊಡಬೇಕು. ಸಂಗಾತಿಗೂ, ಕಳೆದ ಎರಡು ವರ್ಷದಲ್ಲಿ ಬೇರೆಯಾದ ಸಂಗಾತಿಗೂ ವಿಷಯ ತಿಳಿದಿರಬೇಕು. ಮನೆಯೊಳಗಿನ ಬೆದರಿಕೆ ಮೊದಲು ಗೊತ್ತಾಗುವುದು ಅವರಿಗೇ ಅಲ್ಲವೇ! ಹೊಸಬರಿಗೆ ಕನಿಷ್ಠ 28 ದಿನ ಕಾಯುವುದು ಕಡ್ಡಾಯ. ಲೈಸೆನ್ಸ್ ಅವಧಿ ಐದು ವರ್ಷ. ಪಿಸ್ತೂಲಿನ ಮಾತು ಬೇರೆ: 2022ರ ಅಕ್ಟೋಬರ್ 21ರಿಂದ ಸಾಮಾನ್ಯ ಜನರು ಅದನ್ನು ಹೊಸದಾಗಿ ಕೊಳ್ಳುವಂತಿಲ್ಲ, ಒಬ್ಬರಿಗೊಬ್ಬರು ಮಾರುವಂತಿಲ್ಲ.

ಮೆಕ್ಸಿಕೊ ಸಂವಿಧಾನದ 10ನೇ ವಿಧಿ ಮನೆಯಲ್ಲಿ ಆಯುಧ ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. ಆದರೆ ಮಾರಾಟ ಸೇನೆಯ ಕೈಯಲ್ಲಿದೆ, ಅಂಗಡಿಗಳು ಬೆರಳೆಣಿಕೆಯಷ್ಟು. ಅಮೆರಿಕದಲ್ಲಿ ಎಲ್ಲೆಂದರಲ್ಲಿ ಸಿಗುವ 9 ಎಂಎಂ ಪ್ಯಾರಾಬೆಲಂ (ಗುಂಡಿನ ಒಂದು ಅಳತೆ) ಪಿಸ್ತೂಲು ಅಲ್ಲಿ ಸೇನೆಗೆ ಮೀಸಲು.

ಪ್ರಶ್ನೆ: ಮಗ ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿದ್ದಾನೆ. ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಬಹುದೇ?

ಉತ್ತರ: ಹೋಗಿ ನೋಡಬಹುದು, ಬಂದೂಕು ಮುಟ್ಟಬಾರದು. ಉದ್ಯೋಗದ ಎಚ್-1ಬಿ, ವಿದ್ಯಾರ್ಥಿಗಳ ಎಫ್-1ನಂಥ ವಲಸೆಯೇತರ (ತಾತ್ಕಾಲಿಕ ವಾಸದ) ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ರೇಂಜಿನಲ್ಲಿ ಅರ್ಧ ಗಂಟೆ ಬಾಡಿಗೆಗೆ ಪಡೆದರೂ ಅದು 'ಇಟ್ಟುಕೊಂಡಂತೆ'. ಶಿಕ್ಷೆ 15 ವರ್ಷದವರೆಗೆ ಆಗಬಹುದು, ವೀಸಾಕ್ಕೂ ಕುತ್ತು.

ಹೆಚ್ಚಿನವರು ಬಳಸುವ ವಿನಾಯಿತಿ ಒಂದಿದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಎಡವುವುದು ಇಲ್ಲೇ. ಲೈಸೆನ್ಸ್ ಮಾಡಿಸಿ ರೈಫಲ್ ಕೊಳ್ಳುತ್ತಾರೆ, ಮರುವರ್ಷ ನವೀಕರಿಸಲು ಮರೆಯುತ್ತಾರೆ. ಅವಧಿ ಮುಗಿದ ಮರುದಿನದಿಂದ ಬೀರುವಿನೊಳಗಿನ ಅದೇ ರೈಫಲ್ ಅಕ್ರಮ. ಅಮೆರಿಕದ ಪ್ರಜೆಯಾದ ಗೆಳೆಯ ತನ್ನ ಹೆಸರಿನಲ್ಲಿ ಕೊಂಡುಕೊಟ್ಟರೆ ಅವನೂ ಸಿಕ್ಕಿಬೀಳುತ್ತಾನೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧವಿಲ್ಲ.

ಪ್ರಶ್ನೆ: ಅಮೆರಿಕದಿಂದ ಕೆನಡಾಕ್ಕೆ ಬೇಟೆಗೆ ಕಾರಿನಲ್ಲಿ ಹೋಗುವಾಗ ರೈಫಲ್ ಒಯ್ಯುವ ಕ್ರಮ ಹೇಗೆ?

ಉತ್ತರ: ಆರ್‌ಸಿಎಂಪಿ (ಕೆನಡಾದ ಫೆಡರಲ್ ಪೊಲೀಸ್) 5589 ಫಾರಂ ತುಂಬಿ, ಸಹಿ ಹಾಕದೆ ಒಯ್ಯಿರಿ. ಸಹಿ ಗಡಿಯ ಅಧಿಕಾರಿಯ ಎದುರಿಗೇ ಆಗಬೇಕು. ಶುಲ್ಕ 25 ಕೆನಡಿಯನ್ ಡಾಲರ್. ಆ ಕಾಗದವೇ 60 ದಿನದ ತಾತ್ಕಾಲಿಕ ಲೈಸೆನ್ಸ್. ರೈಫಲ್‌ನಲ್ಲಿ ಗುಂಡಿರಬಾರದು. 2020ರ ಮೇ ತಿಂಗಳಿನಿಂದ ನಿಷೇಧವಾದ ಮಾದರಿಗಳಲ್ಲಿ ನಿಮ್ಮದೂ ಇದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ.

ಸಿಕ್ಕಿಬೀಳಿಸುವುದು ಹೆಚ್ಚಾಗಿ ಸಣ್ಣ ವಸ್ತುಗಳು. ಸೆಂಟರ್‌ಫೈರ್ (ಗುಂಡಿನ ಬುಡದ ನಡುವಿಗೆ ಬಡಿದು ಸಿಡಿಸುವ) ಸೆಮಿ-ಆಟೊಮ್ಯಾಟಿಕ್ (ಮುಂದಿನ ಗುಂಡನ್ನು ತಾನೇ ಏರಿಸಿಕೊಳ್ಳುವ) ರೈಫಲ್‌ನ ಮ್ಯಾಗಜೀನಿಗೆ, ಅಂದರೆ ಗುಂಡು ತುಂಬುವ ಡಬ್ಬಿಗೆ, ಅಲ್ಲಿ ಸಾಮಾನ್ಯ ಮಿತಿ ಐದೇ ಗುಂಡು. ಅಮೆರಿಕದಲ್ಲಿ ಮಾಮೂಲಾದ 30 ಗುಂಡಿನ ಮ್ಯಾಗಜೀನ್ ಬ್ಯಾಗಿನ ಮೂಲೆಯಲ್ಲಿ ಖಾಲಿ ಬಿದ್ದಿದ್ದರೂ ಅದು ನಿಷೇಧಿತ ಸಾಧನ. ಆತ್ಮರಕ್ಷಣೆಯ ಪೆಪ್ಪರ್ ಸ್ಪ್ರೇ ಕೂಡ ನಿಷಿದ್ಧ. ಕರಡಿ ಓಡಿಸುವ ಸ್ಪ್ರೇಗೆ ಅಡ್ಡಿಯಿಲ್ಲ. ಪಿಸ್ತೂಲನ್ನು ಮನೆಯಲ್ಲೇ ಬಿಟ್ಟು ಹೊರಡಿ, ಅಲಾಸ್ಕಾಕ್ಕೆ ಕೆನಡಾ ಹಾದು ಹೋಗುವುದಾದರೂ ಅಷ್ಟೆ.

ಮೆಕ್ಸಿಕೊ ಕಡೆಗೆ ಹೊರಟರೆ ಸೀಟಿನ ಅಡಿ, ಡ್ಯಾಶ್‌ಬೋರ್ಡ್, ಬೇಟೆಗೆ ಹಾಕಿದ ಕೋಟಿನ ಜೇಬು ಎಲ್ಲ ತಡಕಿ ನೋಡಿ. ಮರೆತುಹೋದ ಒಂದೇ ಒಂದು ಗುಂಡು ಸಿಕ್ಕರೂ ಅಲ್ಲಿ ಬಂಧಿಸಬಹುದು.