ತ್ಸುಬಾ ಸುಲಭ, ಕಾಶಿರಾ ಹಾಗಲ್ಲ

ಪ್ರಶ್ನೆ: ಕಡಿಮೆ ಬೆಲೆಯ ಒಂದು ಕಟಾನಾ, ಅಂದರೆ ಜಪಾನಿ ಕತ್ತಿ, ಕೊಂಡಿದ್ದೇನೆ. ಅಲಗು ಕಾರ್ಬನ್ ಸ್ಟೀಲ್, ಅದರ ಬಗ್ಗೆ ದೂರಿಲ್ಲ. ಆದರೆ ಕೈಗೆ ಅಡ್ಡ ಇರುವ ತ್ಸುಬಾ, ಹಿಡಿಯ ತುದಿಯ ಟೊಪ್ಪಿ, ದಾರದ ಕೆಳಗಿನ ಪುಟ್ಟ ಡ್ರ್ಯಾಗನ್‌ಗಳು ಎಲ್ಲಾ ಆಟಿಕೆಯ ಹಾಗೆ ಕಾಣುತ್ತವೆ. ಅಲುಗಾಡಿಸಿದರೆ ಟಿಕ್ ಟಿಕ್ ಸದ್ದು ಬೇರೆ. ಒಳ್ಳೆಯವನ್ನು ತಂದು ನಾನೇ ಹಾಕಬಹುದಾ?

ಉತ್ತರ: ಹಾಕಬಹುದು. ಆದರೆ ನೀವು ಹೇಳಿದ ಮೂರರಲ್ಲಿ ಸುಲಭದ ಕೆಲಸ ಒಂದೇ, ತ್ಸುಬಾ. ಅದಕ್ಕಿಂತ ಮೊದಲು ನೀವು ಹೆಸರೇ ಎತ್ತದ ಮೆಕುಗಿ ನೋಡಿ. ಹಿಡಿಗೆ ಅಡ್ಡಲಾಗಿ ಹೊಡೆದ ಬಿದಿರಿನ ಕಡ್ಡಿ ಅದು. ಹಿಡಿ ಅಲಗಿನಿಂದ ಕಳಚಿ ಹೋಗದಂತೆ ಹಿಡಿದಿರುವುದು ಅದೇ. ಅಗ್ಗದ ಕತ್ತಿಗಳಲ್ಲಿ ಎಷ್ಟೋ ಸಲ ಅಲ್ಲಿ ಯಾವುದೋ ಮೆತ್ತನೆ ಮರದ ಚೂರು ತುರುಕಿರುತ್ತಾರೆ. ಬಲಿತು ಒಣಗಿದ ಬಿದಿರಿನಿಂದ, ಸಿಪ್ಪೆ ಕಡೆಯ ಗಟ್ಟಿ ನಾರು ಉಳಿಯುವಂತೆ, ಒಂದು ತುದಿ ಕೊಂಚ ಸಣ್ಣಗೆ ಹೆರೆದು ಹೊಸದು ಮಾಡಿಕೊಳ್ಳಿ. ಜಪಾನಿನಲ್ಲಿ ಹಳೆ ಮನೆಗಳ ಚಾವಣಿಯಲ್ಲಿ ವರ್ಷಗಟ್ಟಲೆ ಹೊಗೆ ಕುಡಿದ ಸುಸುದಾಕೆ ಬಿದಿರೇ ಇದಕ್ಕೆ ಮೆಚ್ಚು.

ಕಡ್ಡಿ ತೆಗೆದು ಹಿಡಿ ಬಿಚ್ಚಿದಾಗ ಒಳಗಿನ ನಕಾಗೊ, ಅಂದರೆ ಅಲಗಿನ ಬಾಲ, ಕಾಣುತ್ತದೆ. ಅದು ಅಗಲವಾಗಿ, ಅಲಗಿನ ಜೊತೆ ಒಂದೇ ತುಂಡಾಗಿ ಇರಬೇಕು. ತೆಳ್ಳನೆ ಸರಳನ್ನು ಬೆಸುಗೆ ಹಾಕಿದ್ದರೆ ಹೊಸ ಫಿಟಿಂಗ್ಸ್ ಯೋಚನೆ ಬಿಡಿ. ಗೋಡೆಗೆ ತೂಗುಹಾಕಿ, ಬೀಸಲೇಬೇಡಿ.

ಈಗ ತ್ಸುಬಾ. ಎಲ್ಲ ಕತ್ತಿಗೂ ಕೂರುವ ಒಂದೇ ಅಳತೆ ಅಂತ ಇಲ್ಲ. ಬಾಲ ತೂರುವ ನಡುವಿನ ತೂತು ಚಿಕ್ಕದಾದರೆ ತ್ಸುಬಾದ ತೂತಿಗೇ ಅರ ಹಾಕಿ, ಬಾಲಕ್ಕಲ್ಲ. ದೊಡ್ಡದಾದರೆ ತೂತಿನ ಎರಡು ತುದಿಗೆ ತಾಮ್ರದ ಚೂರು ಬಡಿದು ಕೂರಿಸುತ್ತಾರೆ, ಸೆಕಿಗಾನೆ ಅಂತಾರೆ. ಎಲ್ಲರೂ ಎಡವುವುದು ದಪ್ಪದಲ್ಲಿ. ಹಳೆಯದಕ್ಕಿಂತ ಒಂದೇ ಮಿಲಿಮೀಟರ್ ದಪ್ಪ ಇದ್ದರೂ ಹಿಡಿ ಅಷ್ಟು ಹಿಂದೆ ಸರಿಯುತ್ತದೆ, ಹಿಡಿಯ ತೂತೂ ಬಾಲದ ತೂತೂ ಒಂದಕ್ಕೊಂದು ಕೂಡುವುದಿಲ್ಲ, ಆಗ ಸಿಟ್ಟಿನಲ್ಲಿ ಸುತ್ತಿಗೆ ಎತ್ತಿಕೊಂಡು ಕಡ್ಡಿ ಹೊಡೆಯಲು ಹೋದರೆ ಹಿಡಿಯ ಮರವೇ ಸೀಳುತ್ತದೆ. ತ್ಸುಬಾದ ಎರಡೂ ಬದಿ ಇರುವ ಸೆಪ್ಪಾ ಎಂಬ ವಾಷರ್‌ಗಳನ್ನು ತೆಳ್ಳಗಿನದಕ್ಕೆ ಬದಲಾಯಿಸಿ. ಹೊಸ ತ್ಸುಬಾ ತೆಳ್ಳಗಿದ್ದರೆ ದಪ್ಪ ಸೆಪ್ಪಾ. ನಿಮ್ಮ ಟಿಕ್ ಟಿಕ್ ಕೂಡ ಬಹುಶಃ ಇಲ್ಲಿಂದಲೇ ಬರುತ್ತಿದೆ, ತ್ಸುಬಾ ಹಾಗೇ ಇಟ್ಟು ಸೆಪ್ಪಾ ಮಾತ್ರ ಬದಲಾಯಿಸಿದರೂ ನಿಲ್ಲಬಹುದು.

ಹಳೆ ಕಬ್ಬಿಣದ ತ್ಸುಬಾ ಸಿಕ್ಕರೆ ಮಾತ್ರ ಅರ ಮುಟ್ಟಿಸಬೇಡಿ. 1876ರಲ್ಲಿ ಜಪಾನಿನಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಓಡಾಡುವುದನ್ನು ನಿಷೇಧಿಸಿದ ಮೇಲೆ ಕತ್ತಿಯಿಂದ ಬೇರೆಯಾದ ತ್ಸುಬಾಗಳು ಸಂಗ್ರಹಕಾರರ ಕೈ ಸೇರಿದವು. ಅವುಗಳ ಕಪ್ಪು ತುಕ್ಕೇ ಅವುಗಳ ಬೆಲೆ. ಉಜ್ಜಿ ಫಳಫಳ ಮಾಡಿದರೆ ಹೋಯಿತು.

ಟೊಪ್ಪಿ ಮತ್ತು ಡ್ರ್ಯಾಗನ್‌ಗಳ ಕಥೆ ಬೇರೆ. ಕಾಶಿರಾ ಎಂಬ ಆ ಟೊಪ್ಪಿಯನ್ನು ಬಿಗಿದಿರುವುದು ಹಿಡಿಗೆ ಸುತ್ತಿದ ದಾರವೇ, ಮೆನುಕಿ ಎಂಬ ಬೊಂಬೆಗಳೂ ಅದೇ ದಾರದ ಅಡಿಯಲ್ಲಿವೆ. ಅಂದರೆ ಪೂರ್ತಿ ಬಿಚ್ಚಿ ಮತ್ತೆ ಸುತ್ತಬೇಕು. ಸುಮಾರು 4 ಮೀಟರ್ ದಾರ, ಪ್ರತಿ ಮಡಿಕೆಯಲ್ಲೂ ಕಾಗದದ ಪುಟ್ಟ ತ್ರಿಕೋನ, ಒಂದೊಂದು ಸುತ್ತಿಗೂ ಮೇಲೆ ಕೆಳಗೆ ಅದಲುಬದಲು. ಮೊದಲ ಸಲ ಚೆನ್ನಾಗಿ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಹೇಗೂ ಬಿಚ್ಚುತ್ತೀರಿ ಅಂದಮೇಲೆ ಕೆಳಗಿನ ಚರ್ಮವನ್ನೂ ನೋಡಿ. ಪ್ಲಾಸ್ಟಿಕ್ ಆಗಿದ್ದರೆ ತೆಗೆದು ನಿಜವಾದ ತೊರಕೆ ಮೀನಿನ ಚರ್ಮ ಹಾಕಿ. ಅದರ ಗಂಟುಗಂಟು ಮೈಯೇ ದಾರ ಜಾರದಂತೆ ಹಿಡಿಯುವುದು. ತ್ಸುಬಾ ಪಕ್ಕದ ಫುಚಿ ಎಂಬ ಪಟ್ಟಿಯನ್ನೂ ಕಾಶಿರಾ ಜೊತೆಗೇ ಜೋಡಿಯಾಗಿ ಕೊಳ್ಳಿ, ಇಲ್ಲದಿದ್ದರೆ ವಿನ್ಯಾಸ ಹೊಂದುವುದಿಲ್ಲ. ಅಳತೆ ತುಸು ಬೇರೆಯಿದ್ದರೂ ಹಿಡಿಯ ಮರವನ್ನೇ ಹೆರೆಯಬೇಕಾಗುತ್ತದೆ, ಅದಕ್ಕೆ ತಯಾರಿರಿ.

ಅಲಗಿನ ಬುಡಕ್ಕೆ ತೊಡಿಸಿದ ಹಬಾಕಿ ಎಂಬ ಲೋಹದ ಪಟ್ಟಿ ಮಾತ್ರ ಮುಟ್ಟಬೇಡಿ. ಒರೆಯಲ್ಲಿ ಕತ್ತಿ ಬಿಗಿಯಾಗಿ ನಿಲ್ಲುವುದು ಅದರಿಂದ. ಅದನ್ನು ಬದಲಾಯಿಸಿದರೆ ಒರೆಯ ಬಾಯಿಯನ್ನೂ ಸರಿಮಾಡಿಸಬೇಕಾಗುತ್ತದೆ, ಸುಮ್ನೆ ಯಾಕೆ?